ಅಕ್ಕನ ಹೆಬ್ಬೆರಳು ಮತ್ತು ಹೊಸ ಪ್ರೊಸೆಸರ್

ಮಾರ್ಚ್ 3, ಮಂಗಳವಾರ

ಅಕ್ಕನ ಕಂಪ್ಯೂಟರ್ ಕೈಕೊಟ್ಟಿತು. ಅದೂ ಎಂಥ ಹೊತ್ತಿನಲ್ಲಿ? ಅವಳು ನನ್ನನ್ನು ಬೈಯುತ್ತಿದ್ದಾಗ. "ಚಹಾಕ್ಕೆ ಸಕ್ಕರೆ ಹಾಕುವಾಗ ನಿನ್ನ ಬುದ್ಧಿ" ಎಂಬಲ್ಲಿಗೆ ಪರದೆ ಕಪ್ಪಾಯಿತು. ಎಲ್ಲಿಗೆ ಹೋಗಿತ್ತು ಎಂದೇ ಮುಗಿಸುವವಳಿದ್ದಳು, ಅದರಲ್ಲೇನು ಸಂಶಯ? ಅಕ್ಕ ಏನು ಹೇಳಹೊರಟಿದ್ದಾಳೆ ಎಂಬುದು ನನಗೆ ಮೊದಲ ಎರಡು ಅಕ್ಷರಕ್ಕೇ ತಿಳಿದುಬಿಡುತ್ತದೆ.

ಬೆಳಗಿನ ನರ್ಸನ್ನು ಇನ್ನೊಂದು ಗಂಟೆ ನಿಲ್ಲಿಸಿಕೊಂಡು ಕಂಪ್ಯೂಟರ್ ಅಂಗಡಿಗೆ ಓಡಿದೆ. ಅಲ್ಲಿಯವರು ದಾರ ಕಟ್ಟಿದ ಕನ್ನಡಕವನ್ನು ಎದೆಯ ಮೇಲೆ ನೇತುಬಿಟ್ಟುಕೊಂಡೇ ಇಡೀ ಅಂಗಡಿಯಲ್ಲಿ ಕನ್ನಡಕ ಹುಡುಕುವ ಮನುಷ್ಯ. ಒಳಗಿನ ಬೋರ್ಡೇ ಸುಟ್ಟಿದೆ, ಬಿಡಿಭಾಗ ಸಿಗುವುದಿಲ್ಲ ಎಂದರು. ಹೊಸದನ್ನು ಕೊಡಿ ಎಂದೆ. ಯಾವ ಆಪರೇಟಿಂಗ್ ಸಿಸ್ಟಮ್ ಹಾಕಲಿ ಎಂದರು.

"ಹಳೇದರಲ್ಲಿ ಏನಿತ್ತೋ ಅದೇ."

"ಅದು ಹನ್ನೆರಡು ವರ್ಷದ ಹಿಂದಿನದು ಮೇಡಂ. ಈ ಪ್ರೊಸೆಸರ್ ಬಂದದ್ದು ಹೋದ ವರ್ಷ. ಒಂದಕ್ಕೊಂದು ಮುಖಪರಿಚಯವೇ ಇಲ್ಲ."

"ಪರಿಚಯ ಮಾಡಿಸಿ. ಅದಕ್ಕೇ ತಾನೇ ನೀವಿರೋದು?"

ಆಮೇಲೆ ನಮ್ಮ ಮನೆಯ ಕಥೆಯನ್ನೆಲ್ಲ ಬಿಚ್ಚಬೇಕಾಯಿತು. ಅಕ್ಕ ಮೂವತ್ತನಾಲ್ಕು ವರ್ಷ ಗಣಿತದ ಟೀಚರ್ ಆಗಿದ್ದವಳು, ಈಗ ನರಗಳ ಕಾಯಿಲೆಯಿಂದ ಅವಳ ಮಾತು ಕೇಳುವುದು ಬಲಗೈ ಹೆಬ್ಬೆರಳು ಮತ್ತು ಎರಡು ರೆಪ್ಪೆ ಮಾತ್ರ. ಪರದೆಯ ಮೇಲೆ ಅಕ್ಷರಮಾಲೆಯ ಸಾಲುಗಳು ಒಂದಾದ ಮೇಲೊಂದು ಬೆಳಗುತ್ತವೆ, ಬೇಕಾದ ಸಾಲಿಗೆ ಅವಳು ಗುಂಡಿ ಒತ್ತುತ್ತಾಳೆ. ಆಮೇಲೆ ಆ ಸಾಲಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ, ಮತ್ತೆ ಒತ್ತುತ್ತಾಳೆ. ವಾಕ್ಯ ಮುಗಿದರೆ ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತದೆ. ನಾವು ಅದನ್ನು ಮಾತಿನ ಪೆಟ್ಟಿಗೆ ಎನ್ನುತ್ತೇವೆ. ಆ ಪೆಟ್ಟಿಗೆ ನಡೆಯುವುದು ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾತ್ರ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎರಡು ವರ್ಷವಾಯಿತು.

ಕನ್ನಡಕದವರು ಎಲ್ಲ ಕೇಳಿಸಿಕೊಂಡು, "ನೋಡೋಣ" ಎಂದರು.

ಮನೆಗೆ ಬಂದರೆ ತಮ್ಮನ ಫೋನು. ಮಾರ್ಚ್ 29ರ ಭಾನುವಾರ ಬರುತ್ತಾನಂತೆ. ಅಕ್ಕನನ್ನು ಆರೈಕೆ ಮನೆಗೆ ಸೇರಿಸಬೇಕೆಂದು ಅವನ ಹಟ. "ದೊಡ್ಡಕ್ಕನ್ನೇ ಕೇಳೋಣ, ಅವಳು ಹೇಳಿದ ಹಾಗೆ" ಎಂದ. ಕೇಳು ಮಾರಾಯ, ಧಾರಾಳವಾಗಿ ಕೇಳು. ಅವಳು ಏನನ್ನುತ್ತಾಳೆಂದು ನನಗೆ ಗೊತ್ತಿಲ್ಲವೇ? ಅಂದು ಅವಳಿಗೆ ಮಾತೊಂದು ಇದ್ದರೆ ಸಾಕು.

ಮಾರ್ಚ್ 5, ಗುರುವಾರ

ಹೊಸ ಯಂತ್ರ ಬಂತು. ಹಳೆಯ ಆಪರೇಟಿಂಗ್ ಸಿಸ್ಟಮ್ಮನ್ನೇ ಹರಸಾಹಸ ಮಾಡಿ ಹಾಕಿದ್ದಾರೆ. ನಾನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತು ಪ್ರಶ್ನೆ ಕೇಳಿ ಕೇಳಿ ಅವರ ತಲೆ ತಿಂದೆ.

ಹೊಲಿಗೆ ಯಂತ್ರವಾದರೆ ಎಂಥದ್ದೇ ಇರಲಿ, ಮುಚ್ಚಳ ಬಿಚ್ಚಿದರೆ ಯಾವುದು ಯಾವುದನ್ನು ತಳ್ಳುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಇಪ್ಪತ್ತೆಂಟು ವರ್ಷ ಅದನ್ನೇ ಬಿಚ್ಚಿ ಜೋಡಿಸಿ ಬದುಕಿದ್ದೇನೆ. ಈ ಪ್ರೊಸೆಸರ್ ಎಂಬುದನ್ನು ತೋರಿಸಿ ಎಂದರೆ ಒಂದು ಬಿಸ್ಕತ್ತಿನಷ್ಟು ತಗಡು ತೋರಿಸಿದರು. ಅದರೊಳಗೆ ಹದಿನಾಲ್ಕು ಕೋರ್ ಇವೆಯಂತೆ, ಅಂದರೆ ಹದಿನಾಲ್ಕು ಕೆಲಸಗಾರರು. ಆರು ದೊಡ್ಡವು, ಎಂಟು ಸಣ್ಣವು. ದೊಡ್ಡವು ಚುರುಕು, ಆದರೆ ಕರೆಂಟು ತಿನ್ನುತ್ತವೆ. ಸಣ್ಣವು ನಿಧಾನ, ಮಿತಾಹಾರಿಗಳು.

"ಹಳೇದರಲ್ಲೂ ಹಿಂಗೇ ಇತ್ತಾ?"

"ಇಲ್ಲ, ಅದರಲ್ಲಿ ನಾಲ್ಕಿದ್ದವು, ನಾಲ್ಕೂ ಒಂದೇ ಥರ."

ಎಷ್ಟು ಚೆನ್ನಾಗಿದೆ! ಯಾರಿಗೆ ಹೊಳೆಯಿತೋ ಇದು.

ಅಕ್ಕನ ಮೊದಲ ಮಾತು ಸಂಜೆ ಐದಕ್ಕೆ ಬಂತು. "ಮೀರು." ನೀರು ಕೇಳಿದಳೆಂದು ತಿಳಿದು ಕುಡಿಸಿದೆ.

ಮಾರ್ಚ್ 6, ಶುಕ್ರವಾರ

ಇವತ್ತು "ಚಿಟಚಿ". ಕಿಟಕಿ ತೆಗೆದೆ.

ಮಾರ್ಚ್ 9, ಸೋಮವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಎದೆಯ ಮೇಲಿನ ಭಾರ ಇಳಿಯುವುದಿಲ್ಲ.

ಅಕ್ಕನ ಹೆಬ್ಬೆರಳೂ ಸೋಲುತ್ತಿದೆ. ಹತ್ತು ಅಕ್ಷರಕ್ಕೆ ಮೂರು ತಪ್ಪು. ಬೇಕಾದ ಸಾಲಿಗೆ ಒತ್ತಲು ಹೋಗಿ ಮುಂದಿನ ಸಾಲಿಗೆ ಬೀಳುತ್ತಾಳೆ. ಮೂರು ವರ್ಷದಿಂದ ತಪ್ಪದ ಬೆರಳು. ಡಾಕ್ಟರು ಒಮ್ಮೆ ಹೇಳಿದ್ದರು, ಅದೂ ಒಂದು ದಿನ ಹೋಗಬಹುದು ಎಂದು. ಅದು ಈ ತಿಂಗಳೇ ಆಗಬೇಕೇ?

ಅವಳಿಗೆ ಬೇಸರವಾಗದಿರಲೆಂದು ತಪ್ಪಿದ ಅಕ್ಷರಗಳನ್ನು ನಾನೇ ತಿದ್ದಿ, ಉಳಿದ ವಾಕ್ಯವನ್ನು ನಾನೇ ಮುಗಿಸಿ, ಓದುವ ಗುಂಡಿ ಒತ್ತುತ್ತಿದ್ದೆ. ಮಧ್ಯಾಹ್ನ ತಮ್ಮ ವಿಡಿಯೋ ಕರೆ ಮಾಡಿದಾಗ ನಾನು ಅಡುಗೆಮನೆಯಲ್ಲಿದ್ದೆ. ಅಕ್ಕ ಒಬ್ಬಳೇ ಏನೋ ಬರೆದು ಓದಿಸಿಬಿಟ್ಟಿದ್ದಾಳೆ. ನಾನು ಒದ್ದೆ ಕೈಯಲ್ಲಿ ಓಡಿಬರುವಷ್ಟರಲ್ಲಿ ಯಂತ್ರ ಬಡಬಡಿಸುತ್ತಿತ್ತು, ಒಂದು ಪದಕ್ಕೂ ತಲೆಬುಡವಿಲ್ಲ.

ಫೋನನ್ನು ಪಕ್ಕದ ಕೋಣೆಗೆ ಒಯ್ಯಲು ಹೇಳಿ ತಮ್ಮ ಮೆಲ್ಲನೆ ಅಂದ: "ಚಿಕ್ಕಕ್ಕ, ಬೇಜಾರು ಮಾಡ್ಕೋಬೇಡ. ದೊಡ್ಡಕ್ಕನ ತಲೆ ಈಗ ಸರಿ ಓಡ್ತಿಲ್ಲ. ಅವಳನ್ನ ಕೇಳಿ ಏನು ಪ್ರಯೋಜನ? ನಾವಿಬ್ಬರೇ ತೀರ್ಮಾನ ಮಾಡೋಣ."

"ತಲೆ ನೆಟ್ಟಗಿದೆ. ಬೆರಳು ಸೋತಿದೆ ಅಷ್ಟೇ. ಅಕ್ಷರ ಬರೆದ ರಟ್ಟಿನ ಹಲಗೆ ಹಿಡಿದು ಕೇಳ್ತೀನಿ ಬಿಡು."

"ಹಲಗೇಲಿ ಅವಳು ಎರಡು ಸಲ ಕಣ್ಣು ಮುಚ್ಚಿದ್ರೆ ನೀನು ಎರಡು ಪುಟ ಹೇಳ್ತೀಯ. ಅದು ನಿನ್ನ ಮಾತಾಗುತ್ತೆ, ಅವಳದ್ದಲ್ಲ."

ಮೈಯೆಲ್ಲ ಉರಿಯಿತು. ಫೋನ್ ಇಟ್ಟೆ.

ಮಾರ್ಚ್ 10, ಮಂಗಳವಾರ

ಎರಡು ಪುಟವಂತೆ!

ಮಾರ್ಚ್ 12, ಗುರುವಾರ

ಇವತ್ತು ಆದದ್ದನ್ನು ಮೊದಲಿನಿಂದ ಬರೆಯಬೇಕು.

ಬೆಳಿಗ್ಗೆ ಅಂಗಡಿಯಲ್ಲಿ, ಅಂದರೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಒಂದು ಯಂತ್ರ ರಿಪೇರಿಗೆ ಬಂದಿತ್ತು. ಹೊಲಿಗೆ ತಪ್ಪುತ್ತದೆ ಎಂದು ದೂರು. ತಂದವಳು, "ನನ್ನ ಕಾಲೇ ಸರಿಯಾಗಿ ಪೆಡಲ್ ತುಳೀತಿಲ್ಲವೇನೋ" ಎಂದಳು. ನಾನು ನಕ್ಕು, "ಹೊಲಿಗೆ ತಪ್ಪಿದರೆ ಮೊದಲು ಯಂತ್ರವನ್ನ ಅನುಮಾನಿಸಬೇಕು, ಕಾಲನ್ನಲ್ಲ" ಎಂದೆ. ಎಂದು ಮುಗಿಸಿ ಸ್ಕ್ರೂಡ್ರೈವರ್ ಹಿಡಿದವಳು ಹಾಗೇ ಕುಳಿತುಬಿಟ್ಟೆ. ಥೂ ನನ್ನ! ಒಂದು ವಾರದಿಂದ ಅಕ್ಕನ ಬೆರಳನ್ನು ಅನುಮಾನಿಸುತ್ತ ಕುಳಿತಿದ್ದೇನಲ್ಲ.

ಬೆರಳಿಲ್ಲದೆ ಗುಂಡಿ ಒತ್ತಿಸಿ ನೋಡಬೇಕು. ಮೂಲೆಯಲ್ಲಿದ್ದ ಹಳೆಯ ಯಂತ್ರದ ಸೂಜಿ ತೆಗೆದು, ಅದರ ಜಾಗಕ್ಕೆ ರಬ್ಬರ್ ತುಂಡು ಕಟ್ಟಿದೆ. ಮೋಟಾರಿಗೆ ಎರಡು ದೊಡ್ಡ ಗಾಲಿ ಕೂಡಿಸಿ ವೇಗ ಇಳಿಸಿದೆ, ರಬ್ಬರ್ ಎರಡೂವರೆ ಸೆಕೆಂಡಿಗೊಮ್ಮೆ ಇಳಿಯುವಂತೆ. ಪರದೆಯಲ್ಲಿ ಸೆಕೆಂಡಿಗೊಂದು ಸಾಲು ಬೆಳಗುತ್ತದೆ. ಅಂದರೆ ಮೊದಲ ಒತ್ತು ಮೂರನೆಯ ಸಾಲಿಗೆ, ಎರಡನೆಯ ಒತ್ತು ಆ ಸಾಲಿನ ಮೂರನೆಯ ಅಕ್ಷರಕ್ಕೆ. ಸ್ವರಗಳದ್ದು ಒಂದು, ಕ ಸಾಲು ಎರಡು, ಚ ಸಾಲು ಮೂರು. ಚ, ಛ, ಜ. ಎಲ್ಲ ಸರಿಯಿದ್ದರೆ ಜ ಜ ಜ ಎಂದೇ ಬರುತ್ತಿರಬೇಕು.

ಯಂತ್ರವನ್ನು ಅಕ್ಕನ ಮಂಚದ ಪಕ್ಕಕ್ಕೆ ತಳ್ಳಿಕೊಂಡು ಹೋಗಿ, ಗುಂಡಿಯನ್ನು ರಬ್ಬರಿನ ಕೆಳಗಿಟ್ಟು ಚಾಲೂ ಮಾಡಿದೆ. ಅಕ್ಕ ಕಣ್ಣು ಕೀಳದೆ ನೋಡುತ್ತಿದ್ದಳು.

ಜ ಜ ಝ ಜ ಡ ಜ ಜ ಡ ಝ ಜ.

ಹೊಲಿಗೆ ಯಂತ್ರಕ್ಕೂ ತಲೆ ಕೆಟ್ಟಿದೆಯೇ ತಮ್ಮಾ? ನಾನು ಕೋಣೆಯಲ್ಲೇ ಕುಣಿದುಬಿಟ್ಟೆ, ಐವತ್ತೈದರ ಮಂಡಿ ಮರೆತು. ಅಕ್ಕನ ಕಣ್ಣಲ್ಲಿ ನೀರು. ನನ್ನ ಹಾಗೆ ಅವಳೂ ಬೆರಳು ಹೋಯಿತೆಂದುಕೊಂಡಿದ್ದಳು, ಪಾಪ. ಒಂದು ವಾರ ಅದನ್ನು ಯಾರಿಗೂ ಹೇಳಲಾರದೆ ಮಲಗಿದ್ದಳು.

ಮಾರ್ಚ್ 13, ಶುಕ್ರವಾರ

ಜ, ಝ, ಡಗಳ ಕಾಗದವನ್ನು ಕನ್ನಡಕದವರ ಮುಂದೆ ಹಿಡಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಕನ್ನಡಕ ಹುಡುಕದೆ ಅದೇ ಮೊದಲ ಬಾರಿ ನೇರವಾಗಿ ಹಾಕಿಕೊಂಡರು.

ಕಾರಣ ಹೀಗಂತೆ. ಯಾವ ಕೆಲಸವನ್ನು ಯಾವ ಕೋರ್‌ಗೆ ಕೊಡಬೇಕೆಂದು ಹಂಚುವ ಮೇಸ್ತ್ರಿಯೇ ಆಪರೇಟಿಂಗ್ ಸಿಸ್ಟಮ್. ಹಳೆಯ ಮೇಸ್ತ್ರಿಯ ಕಾಲದಲ್ಲಿ ಕೋರ್‌ಗಳೆಲ್ಲ ಒಂದೇ ಅಳತೆಯವು. ಇಲ್ಲಿ ದೊಡ್ಡವು ಯಾವುವು, ಸಣ್ಣವು ಯಾವುವು ಎಂಬುದೇ ಅವನಿಗೆ ಗೊತ್ತಿಲ್ಲ. ಕೈಗೆ ಸಿಕ್ಕವರಿಗೆ ಕೊಡುತ್ತಾನೆ. ಅಕ್ಕನ ಒತ್ತು ಒಮ್ಮೆ ಚುರುಕಿನವನ ಕೈಗೆ ಬೀಳುತ್ತದೆ, ಒಮ್ಮೆ ನಿಧಾನದವನ ಕೈಗೆ. ಅವನು ಎದ್ದು ನೋಡುವಷ್ಟರಲ್ಲಿ ಮುಂದಿನ ಸಾಲು ಬೆಳಗಿರುತ್ತದೆ.

"ಹಂಗಾದರೆ ದೊಡ್ಡವರಿಗೇ ಕೊಡು ಅಂತ ಹೇಳಕ್ಕಾಗಲ್ವಾ?"

ಕನ್ನಡಕದವರು ನನ್ನನ್ನೇ ನೋಡಿದರು. "ಆಗುತ್ತೆ. ಪ್ರೋಗ್ರಾಮನ್ನ ದೊಡ್ಡ ಕೋರ್‌ಗಳಿಗೆ ಕಟ್ಟಿಹಾಕಬಹುದು. ಮೇಡಂ, ಇದನ್ನ ನಿಮಗೆ ಯಾರು ಹೇಳಿಕೊಟ್ಟರು?"

ಯಾರು ಹೇಳಿಕೊಡಬೇಕು? ದಪ್ಪ ಬಟ್ಟೆಗೆ ದಪ್ಪ ಸೂಜಿ ಎಂದು ಗೊತ್ತಿದ್ದರೆ ಸಾಲದೇ.

ಮಾರ್ಚ್ 16, ಸೋಮವಾರ

ಕಟ್ಟಿಹಾಕಿದ್ದಾಯಿತು. ಅಕ್ಷರ ಸರಿಹೋದವು. ಆದರೆ ಹೊಸ ಯಂತ್ರದ ಉಳಿದ ಭಾಗಗಳನ್ನೂ ಹಳೆಯ ಮೇಸ್ತ್ರಿ ಕಂಡವನಲ್ಲವಲ್ಲ. ಪರದೆ ದಿನಕ್ಕೆ ನಾಲ್ಕು ಸಲ ಸ್ತಬ್ಧ. ಅಕ್ಕ ಮಾತಿನ ನಡುವೆ ಬಾಯಿ ಕಟ್ಟಿದಂತೆ ನಿಂತುಬಿಡುತ್ತಾಳೆ. ತಮ್ಮನ ಮುಂದೆ ಹೀಗಾದರೆ?

ಹದಿಮೂರು ದಿನ ಉಳಿದಿದೆ.

ಮಾರ್ಚ್ 18, ಬುಧವಾರ

ಈಗ ಉಳಿದಿರುವ ದಾರಿಗಳು. ಅದೇ ಕಂಪನಿಯ ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಈ ಪ್ರೊಸೆಸರ್ ಚೆನ್ನಾಗಿ ಗೊತ್ತು, ಆದರೆ ಒಂದೇ ಗುಂಡಿಯಿಂದ ನಮ್ಮ ಅಕ್ಷರಮಾಲೆ ಬರೆಯಿಸುವ ಏರ್ಪಾಡು ಅದರಲ್ಲಿ ಕನ್ನಡಕದವರಿಗೆ ಸಿಗಲಿಲ್ಲ. ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಇದೆ, ಯಾರ್ಯಾರೋ ಪುಣ್ಯಾತ್ಮರು ಎಲ್ಲೆಲ್ಲೋ ಕುಳಿತು ಸೇರಿ ಕಟ್ಟಿರುವುದು, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದಕ್ಕೆ ದೊಡ್ಡ ಸಣ್ಣ ಕೋರ್‌ಗಳ ಭೇದ ಗೊತ್ತು, ಒಂದೇ ಗುಂಡಿಯಿಂದ ಬರೆಯುವ ನಮ್ಮ ಅಕ್ಷರಗಳ ಚೌಕವೂ ಇದೆ. ಆದರೆ ಹಳೆಯ ಮಾತಿನ ಪೆಟ್ಟಿಗೆ ಅದರಲ್ಲಿ ನಡೆಯದು. ಮೂರು ವರ್ಷ ಕೂಡಿಸಿಟ್ಟ ಇನ್ನೂರ ಹನ್ನೆರಡು ವಾಕ್ಯಗಳು, ಒಂದೇ ಒತ್ತಿಗೆ ಹೊರಡುವಂಥವು, ಹೋಗುತ್ತವೆ.

ಮೂರನೆಯದು ನನ್ನದೇ ಯೋಚನೆ. ಹೊಸ ಯಂತ್ರವನ್ನು ವಾಪಸು ಕೊಟ್ಟು, ಯಾರೋ ಬಳಸಿ ಬಿಟ್ಟ ಹಳೆಯ ಪ್ರೊಸೆಸರಿನ ಕಂಪ್ಯೂಟರ್ ತರುವುದು. ಮೇಸ್ತ್ರಿಗೆ ತಕ್ಕ ಕೆಲಸಗಾರರು. ಇನ್ನೂರ ಹನ್ನೆರಡೂ ಉಳಿಯುತ್ತವೆ. ಅದನ್ನೇ ತೀರ್ಮಾನ ಮಾಡಿ ಅಕ್ಕನಿಗೆ ಹೇಳಿದೆ.

ಅಕ್ಕ ಕಣ್ಣು ಮುಚ್ಚಿಕೊಂಡಳು. ನಿದ್ದೆಯಲ್ಲ, ಸಿಟ್ಟು. ತರಗತಿಯಲ್ಲಿ ಉತ್ತರ ತಪ್ಪಾದಾಗ ಹಾಗೆ ಮಾಡುತ್ತಿದ್ದಳೆಂದು ಅವಳ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ.

ರಟ್ಟಿನ ಹಲಗೆ ತಂದೆ. ನಾನು ಅಕ್ಷರಗಳ ಮೇಲೆ ಬೆರಳು ಜಾರಿಸಬೇಕು, ಬೇಕಾದಲ್ಲಿ ಅವಳು ರೆಪ್ಪೆ ಮುಚ್ಚಬೇಕು. ರೆಪ್ಪೆ ಬೇಗ ಸೋಲುತ್ತದೆ. ಮೊದಲು ಬಂದದ್ದು "ಕೇ". ಕೇಸರಿ ಬಣ್ಣದ ಹೊದಿಕೆಯಾ, ಕೇಬಲ್ಲಾ ಎಂದೆಲ್ಲ ಕೇಳಿದೆ. ಅವಳು ಕಣ್ಣು ಬಿಡಲೇ ಇಲ್ಲ. ಸುಮ್ಮನಾಗಿ ಕಾದೆ. ಆಮೇಲೆ ಉಳಿದ ಅಕ್ಷರ ಬಂತು. "ಕೇಳು."

"ಸರಿ ತಾಯಿ, ಕೇಳ್ತಿದೀನಿ. ಹಳೇದಾ, ಹೊಸದಾ?"

"ಹೊಸ."

"ಇನ್ನೂರ ಹನ್ನೆರಡು ಮಾತು ಹೋಗುತ್ತಲ್ಲಕ್ಕಾ! ಎಲ್ಲಾ ನಿನ್ನವೇ."

ಇದಕ್ಕೆ ಒಂಬತ್ತು ನಿಮಿಷ ಹಿಡಿಯಿತು. "ನಿನ್ನವು."

ಆ ವಾಕ್ಯಗಳ ಪಟ್ಟಿಯನ್ನು ನನ್ನ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೆ, ತೆಗೆದು ನೋಡಿದೆ. ದಿಂಬು ಸರಿಮಾಡು. ಔಷಧ ಆಯಿತು. ಎಲ್ಲರೂ ಆರಾಮವೇ. ನಾನು ಚೆನ್ನಾಗಿದ್ದೇನೆ. ನಿಜ, ತುಂಬಿಸಿದ್ದು ನಾನೇ. ಅವಳಿಗೆ ಸುಲಭವಾಗಲಿ ಎಂದು. ಅವಳೇ ಸೇರಿಸಿದ್ದು ಹುಡುಕಿದರೆ ಹತ್ತೊಂಬತ್ತು, ಅದರಲ್ಲಿ ಏಳು ಬೈಗುಳ.

ಹೊಸದನ್ನೇ ಹಾಕಿ ಎಂದು ಕನ್ನಡಕದವರಿಗೆ ಫೋನ್ ಮಾಡಿದೆ.

ಮಾರ್ಚ್ 21, ಶನಿವಾರ

ಹಾಕಿದ್ದು ನಾನು. ಕನ್ನಡಕದವರು ಕೈ ಕಟ್ಟಿಕೊಂಡು ನಿಂತು ಹೇಳಿಕೊಟ್ಟರು. ಎರಡು ಸಲ ಎಡವಟ್ಟಾಯಿತು, ಮೂರನೆಯ ಸಲ ಎದ್ದು ಕುಳಿತಿತು. ಹದಿನಾಲ್ಕು ಕೋರ್‌ಗಳೂ ಪರದೆಯ ಮೇಲೆ ಸಣ್ಣ ಗೆರೆಗಳಾಗಿ ಕುಣಿಯುವುದನ್ನು ನೋಡುವ ಕಿಟಕಿಯೊಂದಿದೆ. ಅಕ್ಕ ಗುಂಡಿ ಒತ್ತಿದಾಗ ದೊಡ್ಡದರಲ್ಲೊಂದು ಗೆರೆ ಚಂಗನೆ ಏಳುತ್ತದೆ. ಅಂತೂ ಒಳಗೆ ನಡೆಯುವುದು ನನ್ನ ಕಣ್ಣಿಗೆ ಬಿತ್ತು! ಅರ್ಧ ಗಂಟೆ ಅದನ್ನೇ ನೋಡಿದೆ.

ಹೊಲಿಗೆ ಯಂತ್ರ ಕೂರಿಸಿ ಪರೀಕ್ಷೆ ಮಾಡಿದೆ. ನಾನೂರಕ್ಕೆ ನಾನೂರು ಜ. ಅಚ್ಚು ಹಾಕಿ ಅಕ್ಕನಿಗೆ ತೋರಿಸಿದೆ. ಹೊಸ ಧ್ವನಿಯಲ್ಲಿ, ಅದು ಸ್ವಲ್ಪ ಗೊಗ್ಗರು ಗೊಗ್ಗರು, ಅವಳ ಮೊದಲ ವಾಕ್ಯ ಬಂತು.

"ನೀನು ಶಾಲೆಯಲ್ಲಿ ಬರೆದದ್ದಕ್ಕಿಂತ ಅರ್ಥಪೂರ್ಣವಾಗಿದೆ."

ಮಾರ್ಚ್ 23, ಸೋಮವಾರ

ಅಕ್ಕ ಇಡೀ ದಿನ ಮಾತಾಡಿದಳು. ಬೆಳಗಿನ ನರ್ಸು ಮಾಡಿದ ಭಾಗಾಕಾರ ತಪ್ಪೆಂದು ಹೇಳಿ ಅವಳ ಮಗಳ ಲೆಕ್ಕದ ಪುಸ್ತಕ ತರಿಸಿಕೊಂಡಿದ್ದಾಳೆ. ನಾನು ಅಂಗಡಿಯಲ್ಲಿ ಕುಳಿತೇ ಕೇಳಿಸಿಕೊಂಡೆ. ಮೂರು ಯಂತ್ರ ರಿಪೇರಿಯಾದವು.

ಮಾರ್ಚ್ 25, ಬುಧವಾರ

ಆರೈಕೆ ಮನೆಯವರ ಕಾಗದ ಓದು ಎಂದಳು. ತಮ್ಮ ಕಳಿಸಿದ್ದ ಅದನ್ನು ಕಪಾಟಿನ ಮೇಲೆ ಎಸೆದಿದ್ದೆ. ತೆಗೆದು, ಮೂಗಿನಲ್ಲಿ ರಾಗ ಎಳೆಯುತ್ತ ಓದಿದೆ: ನಲವತ್ತು ಜನ, ಓದುವ ಕೋಣೆ, ಚದುರಂಗ, ಸಂಜೆ ಹರಟೆ. ಅಬ್ಬಬ್ಬಾ, ಅರಮನೆಯೇ!

"ಇನ್ನೊಮ್ಮೆ" ಎಂದಳು ಅಕ್ಕ. "ರಾಗ ಬೇಡ."

ಭಾನುವಾರ ತಮ್ಮನ ನೀರಿಳಿಸಲು ತಯಾರಿ ನಡೆಸಿದ್ದಾಳೆ. ಟೀಚರಲ್ಲವೇ, ಪಾಠ ಓದಿಕೊಂಡೇ ಹೋಗುವವಳು. ನಾನು ಇನ್ನೆರಡು ಸಲ ಓದಿದೆ.

ಮಾರ್ಚ್ 29, ಭಾನುವಾರ

ತಮ್ಮ ಹತ್ತು ಗಂಟೆಗೆ ಬಂದ. ಚಹಾ ಕುಡಿದ. ಅಕ್ಕನ ಮುಂದೆ ಕುರ್ಚಿ ಎಳೆದುಕೊಂಡು, ಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಕೇಳಿದ: "ದೊಡ್ಡಕ್ಕಾ, ನಾನು ಯಾರು, ಗೊತ್ತಾಯ್ತಾ?"

"ಏಳರ ಮಗ್ಗಿ ಬಾರದವನು."

ಅವನ ಮುಖ ನೋಡಬೇಕಿತ್ತು! ನಗು, ಅಳು ಎರಡೂ ಒಟ್ಟಿಗೆ ಬಂತು ಅವನಿಗೆ. ಮೂಗು ಒರೆಸಿಕೊಂಡು, ತಪ್ಪಾಯಿತು ಎಂದ. ಆಮೇಲೆ ನೇರವಾಗಿ ಕೇಳಿದ, ಇಲ್ಲಿರುತ್ತೀಯೋ, ಅಲ್ಲಿಗೆ ಹೋಗುತ್ತೀಯೋ ಎಂದು.

ಅಕ್ಕ ಶುರುಮಾಡಿದಳು. ನಾನು. ಹೋ. ಅಷ್ಟು ಬರೆದರೆ ಈ ಯಂತ್ರ ಕೆಳಗೆ ಎರಡು ಪದ ತೋರಿಸುತ್ತದೆ, ಹೋಗುವುದಿಲ್ಲ, ಹೋಗುತ್ತೇನೆ. ಕೀಲಿಮಣೆ ನನ್ನ ಕೈಯ ಹತ್ತಿರವೇ ಇತ್ತು, ಮೊದಲನೆಯದನ್ನು ಒತ್ತಿದ್ದರೆ ಅವಳಿಗೆ ಹತ್ತು ಒತ್ತು ಉಳಿಯುತ್ತಿತ್ತು. ಕೈ ಮಡಿಲಲ್ಲಿ ಇಟ್ಟುಕೊಂಡೆ.

"ಹೋಗಲ್ಲ ಅಂತಿದಾಳೆ ಅಲ್ವಾ ಚಿಕ್ಕಕ್ಕ?"

"ತಾಳೋ. ಅವಳಿನ್ನೂ ಮುಗಿಸಿಲ್ಲ."

ಅವಳು ಮುಗಿಸಿದಳು. "ನಾನು ಹೋಗುತ್ತೇನೆ."

ಯಂತ್ರವೇ ತಪ್ಪಿರಬೇಕೆಂದು ಒಂದು ಕ್ಷಣ ಆಸೆಪಟ್ಟೆ. ನಾನೂರಕ್ಕೆ ನಾನೂರು ಬಂದ ಯಂತ್ರ. ಎದ್ದು ಅಂಗಡಿಗೆ ಹೋಗಿ, ಬಾಗಿಲು ಹಾಕಿಕೊಂಡು, ಚೆನ್ನಾಗಿ ಅತ್ತೆ. ನನಗೆ ಕೋಪವೂ ಬಂದಿತ್ತು. ಇಷ್ಟೆಲ್ಲ ಮಾಡಿ ಅವಳ ಮಾತನ್ನು ನಾನೇ ಹಿಂದಕ್ಕೆ ತಂದುಕೊಟ್ಟದ್ದು ಇದಕ್ಕೇ?

ತಮ್ಮ ಹೊರಗೆ ಹೋದಮೇಲೆ ಒಳಗೆ ಬಂದು ನೇರವಾಗಿ ಕೇಳಿದೆ: "ನಾನು ಏನು ಕಡಿಮೆ ಮಾಡಿದೆ, ಹೇಳು. ನನ್ನ ಅಂಗಡಿ ಹಾಳಾಗುತ್ತೆ, ನನಗೆ ಭಾರ ಅಂತ ಹೋಗ್ತಿದ್ರೆ ಹಲ್ಲು ಉದುರಿಸ್ತೀನಿ."

ಸಾಲುಗಳು ಬೆಳಗತೊಡಗಿದವು. ಹನ್ನೆರಡು ನಿಮಿಷ. ನಡುವೆ ಒಂದು ಪದವನ್ನೂ ನಾನು ಊಹಿಸಿ ಮುಗಿಸಲಿಲ್ಲ.

"ನಿನಗಾಗಿ ಅಲ್ಲ ಪೆದ್ದಿ. ಮೂರು ವರ್ಷದಿಂದ ನಿನಗೆ ಗೊತ್ತಿಲ್ಲದ ಒಂದು ಮಾತೂ ನನ್ನ ಹತ್ತಿರ ಇಲ್ಲ."

ಏಪ್ರಿಲ್ 12, ಭಾನುವಾರ

ಅವಳು ಹೋಗಿ ಒಂದು ವಾರವಾಯಿತು. ಮನೆ ಬಿಕೋ ಎನ್ನುತ್ತದೆ, ಅದನ್ನು ಬರೆದು ಪ್ರಯೋಜನವಿಲ್ಲ.

ಇವತ್ತು ನೋಡಲು ಹೋಗಿದ್ದೆ. ಕಿಟಕಿ ದೊಡ್ಡದು, ಹೊರಗೆ ಬಸ್ಸು ತಿರುಗುವ ವೃತ್ತ. ನಾನು ಚೀಲ ಕೆಳಗಿಡುವ ಮೊದಲೇ ಅಕ್ಕ ಬರೆಯಲು ಶುರುಮಾಡಿದ್ದಳು. ಅವಳು ಹೇಳಿದ್ದನ್ನು ಎಲ್ಲೂ ಬರೆಯಕೂಡದೆಂದು ಆಮೇಲೆ ಮಾತು ತೆಗೆದುಕೊಂಡಿದ್ದಾಳೆ. ಮೊದಲ ನಾಲ್ಕು ಪದಕ್ಕೆ ಅಡ್ಡಿಯಿಲ್ಲವಂತೆ.

"ಹದಿನೇಳನೆಯ ಕೋಣೆಯ ಮುದುಕ ನಿನ್ನೆ"

ಮತ್ತೆ ಮೊದಲ ಸಾಲು ಬೆಳಗಿತು, ಎರಡನೆಯದು, ಮೂರನೆಯದು. ಅವಳ ಹೆಬ್ಬೆರಳು ಎಲ್ಲಿ ಇಳಿಯುತ್ತದೋ ನನಗೆ ಸುಳಿವೇ ಇರಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.